ಅಪ್‌ಡೇಟ್: ಅಮ್ಮನ ತೊಡೆ ಮೂಳೆ ಆಪರೇಷನ್ ಆಯ್ತು, ನಡೆಯುತ್ತಿದ್ದಾರೆ

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆಯ ಕತ್ತು (ಸೊಂಟದ ಕೀಲಲ್ಲಿ ಕೂರುವ ಚೆಂಡಿನ ಕೆಳಗಿನ ಸಪೂರ ಭಾಗ) ಮುರಿದಿದೆ, ಎಪ್ಪತ್ತು ದಾಟಿದವರಿಗೆ ಆಪರೇಷನ್ ಬೇಕೇ ಬೇಕಾ, ನಾಟಿ ಕಟ್ಟು ಹಾಕಿಸಿ ಮಲಗಿಸಿದರೆ ಸಾಲದಾ ಅಂತ ಕೇಳಿದ್ದೆ ಅಲ್ವಾ. ಆಪರೇಷನ್ ಆಯ್ತು. ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಿದರು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಡಾಕ್ಟರು ಎಕ್ಸ್‌ರೇ ಹಿಡಿದು ವಿವರಿಸಿದರು. ತೊಡೆ ಮೂಳೆಯ ಚೆಂಡಿಗೆ ರಕ್ತ ಹೋಗುವುದು ಹೆಚ್ಚಾಗಿ ಆ ಕತ್ತಿನ ಕಡೆಯಿಂದಲೇ. ಮುರಿದ ತುಂಡು ಜರುಗಿದರೆ ರಕ್ತನಾಳ ಹರಿದು ಚೆಂಡು ಸಾಯಬಹುದು, ಆಗ ಸ್ಕ್ರೂ ಹಾಕಿ ಜೋಡಿಸಿದರೂ ಮೂಳೆ ಕೂಡದೆ ಮತ್ತೆ ಆಪರೇಷನ್ ಮಾಡಬೇಕಾಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಅಮ್ಮನಿಗೆ ಚೆಂಡನ್ನೇ ತೆಗೆದು ಲೋಹದ್ದು ಕೂರಿಸಿದರು. ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ಸ್ಕ್ರೂ ಹಾಕಿ ಸ್ವಂತ ಮೂಳೆ ಉಳಿಸಲು ನೋಡುತ್ತಾರೆ. ಕತ್ತಿಗಿಂತ ಕೆಳಗೆ ಮುರಿದಿದ್ದರೆ ಮೂಳೆಯೊಳಗೆ ರಾಡ್ ಅಥವಾ ಹೊರಗಿನಿಂದ ಪ್ಲೇಟ್.

ಮಲಗಿಸಿ ಕಾಯೋಣ ಅನ್ನುವವರು ದಯವಿಟ್ಟು ಇದನ್ನು ಓದಿ. ವಯಸ್ಸಾದವರು ವಾರಗಟ್ಟಲೆ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ನ್ಯುಮೋನಿಯಾ ಬರಬಹುದು. ಜೀವಕ್ಕೇ ಅಪಾಯ.

ಎಡ ಮಣಿಕಟ್ಟೂ ಮುರಿದಿತ್ತು. ಅದಕ್ಕೆ ಎಳೆದು ಸರಿಮಾಡಿ ಪ್ಲಾಸ್ಟರ್ ಅಷ್ಟೇ, ಸುಮಾರು 6 ವಾರ. ಆದರೆ ಆ ಕೈಯಲ್ಲಿ ವಾಕರ್ ಒತ್ತಿ ಹಿಡಿಯುವಂತಿಲ್ಲ, ಹಾಗಾಗಿ ಫಿಸಿಯೋ ಹುಡುಗಿ ಒಂದು ಬದಿಗೆ ಮೊಣಕೈ ಊರಿಕೊಳ್ಳುವ ಪಟ್ಟಿ ಇರುವ ವಾಕರ್ ತರಿಸಿದಳು. ಅದನ್ನು ಹಿಡಿದೇ ಅಮ್ಮ ಅಡುಗೆಮನೆ ತನಕ ಹೋಗುತ್ತಾರೆ.

ನಿಂತಲ್ಲೇ ಬಿದ್ದು ಎರಡು ಕಡೆ ಮುರಿದಿದೆ ಅಂದರೆ ಮೂಳೆ ಸವೆದಿರಬೇಕು, ಅದಕ್ಕೆ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಪರೀಕ್ಷೆ) ಬರೆದಿದ್ದಾರೆ. ಮುಂದಿನ ವಾರ ಮಾಡಿಸುತ್ತೇವೆ.