ಪಿಯುಸಿ ಎಷ್ಟು ವರ್ಷ ಓದ್ಬೇಕು?

“ನಾಲ್ಕನೇ ಸೀಸನ್ ಬರಲೇಬೇಕು ಪದ್ಮಕ್ಕ. ‘ಇನ್‌ಬಿಟ್ವೀನರ್ಸ್’ನಂಥ ಬ್ರಿಟಿಷ್ ಟಿವಿ ಕಾಮಿಡೀನ ಬರೀ 18 ಎಪಿಸೋಡಿಗೆ ನಿಲ್ಲಿಸಿಬಿಡೋದಾ?” ಅಂತ ನಾಗ ಶುರು ಹಚ್ಚಿಕೊಂಡ.

“ನಿಲ್ಲಿಸದೆ ಇನ್ನೇನು ಮಾಡ್ಬೇಕಿತ್ತೋ? ಆ ನಾಲ್ಕು ಹುಡುಗರು, ವಿಲ್, ಸೈಮನ್, ಜೇ, ನೀಲ್, ಓದ್ತಿದ್ದದ್ದು ಸಿಕ್ಸ್ತ್ ಫಾರ್ಮು, ಅಂದ್ರೆ ನಮ್ಮ ಪಿಯುಸಿ. ಎರಡೇ ವರ್ಷ. 2008ರ ಮೇನಲ್ಲಿ ಇ4 ಚಾನೆಲ್ಲಿನಲ್ಲಿ ಶುರುವಾಯ್ತು, 2010ರ ಅಕ್ಟೋಬರಲ್ಲಿ ಮುಗೀತು. ಓದು ಮುಗಿಸಿದೋರನ್ನ ಬೆಂಚಿಗೆ ಕಟ್ಟಿಹಾಕ್ತೀಯಾ?”

“ಫೇಲ್ ಮಾಡ್ಸೋಣ.”

“ನಾಲ್ಕು ಜನರನ್ನೂ?”

“ನೀಲ್‌ಗೇನು, ಪ್ರಶ್ನೆಪತ್ರಿಕೆ ಕೊಟ್ರೆ ಸಾಕು. ಮಿಕ್ಕವರಿಗೆ ಸ್ವಲ್ಪ ಕಷ್ಟಪಡಬೇಕು.”

ಸುಬ್ಬಣ್ಣನವರು ಪೇಪರ್ ಮಡಿಸಿದರು. “ರೀವ್ಯಾಲ್ಯುಯೇಷನ್‌ಗೆ ಹಾಕಿದ್ರೆ 6 ಎಪಿಸೋಡು ಆರಾಮಾಗಿ ಬರುತ್ತೆ. ಸಪ್ಲಿಮೆಂಟರಿ ಕಟ್ಟಿದ್ರೆ ಇನ್ನೊಂದು 6.”

“ಹಾಲ್ ಟಿಕೆಟ್ ಕಳ್ಕೊಂಡಿದ್ದು ಕ್ರಿಸ್‌ಮಸ್ ಸ್ಪೆಷಲ್ಲು,” ಅಂದರು ಪದ್ಮಕ್ಕ. “ಆದ್ರೆ ಸಿಕ್ಕಿದ್ರೂ ಉಪಯೋಗ ಇಲ್ಲ. ವಿಲ್ ಪಾತ್ರದ ಸೈಮನ್ ಬರ್ಡ್‌ಗೆ ಮೊದಲನೇ ಸೀಸನ್ ಬಂದಾಗಲೇ 23, ಸೈಮನ್ ಪಾತ್ರದ ಜೋ ಥಾಮಸ್‌ಗೆ 24. ಟೈ ಕಟ್ಟಿದ್ರು, ಹದಿನಾರು ಅಂತ ನಂಬಿದ್ವಿ. ಈಗ ಇಬ್ಬರಿಗೂ ನಲವತ್ತು ದಾಟಿದೆ. ಪರೀಕ್ಷೆಗೆ ಹೋದ್ರೆ ಇನ್ವಿಜಿಲೇಟರು ‘ಪೋಷಕರು ಗೇಟಿನ ಹೊರಗೆ ನಿಲ್ಲಿ’ ಅಂತಾನೆ.”

“ವಯಸ್ಸು ಬಿಡಿ. ಬರೆಯೋರು ಅವರೇ ಇದ್ದಾರಲ್ಲ, ಇಯಾನ್ ಮಾರಿಸ್, ಡೇಮನ್ ಬೀಸ್ಲಿ?”

“ಬರವಣಿಗೆ ಕೂತಿರೋದೇ ವಯಸ್ಸಿನ ಮೇಲಪ್ಪಾ. ಎಪಿಸೋಡ್ ಹೇಗೆ ಕಟ್ತಾರೆ ನೋಡು. ಮೊದಲು ಒಂದು ಚಿಲ್ಲರೆ ಆಸೆ: ಪಬ್ಬಿಗೆ ಹೋಗ್ಬೇಕು, ಯಾವುದೋ ಪಾರ್ಟಿಗೆ ನುಗ್ಬೇಕು. ಅದಕ್ಕೆ ಅಡ್ಡ ಬರೋದು ಮೂರು: ವಯಸ್ಸು, ದುಡ್ಡು, ಅಪ್ಪ-ಅಮ್ಮ. ವಿಲ್ ಒಂದು ಅತಿಬುದ್ಧಿವಂತ ಉಪಾಯ ಹೂಡ್ತಾನೆ, ಜೇ ಅದರ ಮೇಲೆ ಒಂದು ಸುಳ್ಳು ಪೇರಿಸ್ತಾನೆ, ಸೈಮನ್ ತಾನು ಮೆಚ್ಚಿದ ಹುಡುಗಿ ಕಾರ್ಲೀನ ಕಂಡ ಕೂಡಲೇ ಬುದ್ಧಿ ಕಳ್ಕೋತಾನೆ, ಆಗಬಾರದ ಹೊತ್ತಲ್ಲಿ ನೀಲ್ ನಿಜ ಹೇಳ್ತಾನೆ. ಮೊಟ್ಟಮೊದಲ ಎಪಿಸೋಡಲ್ಲಿ ಪಬ್ಬಿನವನು ಬಿಯರ್ ಕೊಡಲ್ಲ ಅಂದಿದ್ದಕ್ಕೆ ವಿಲ್ ‘ಇಲ್ಲಿ ಕೂತಿರೋರಿಗೆ ಯಾರಿಗೂ ಹದಿನೆಂಟಾಗಿಲ್ಲ’ ಅಂತ ಇಡೀ ಕ್ಲಾಸನ್ನೇ ಹಿಡಿದುಕೊಡ್ತಾನಲ್ಲ, ಅದು. ಈಗ ನಲವತ್ತರ ವಿಲ್ ಅದೇ ಪಬ್ಬಿಗೆ ಹೋದ್ರೆ? ‘ಬನ್ನಿ ಸಾರ್, ಏನ್ ಕೊಡ್ಲಿ?’ ಎಪಿಸೋಡ್ ಬಾಗಿಲಲ್ಲೇ ಮುಗೀತು.”

“ಜೇ ಸುಳ್ಳು ಹೇಳ್ಬಹುದಲ್ಲ?” ಅಂದರು ಸುಬ್ಬಣ್ಣ.

“ಅದೇ ಎಲ್ಲಕ್ಕಿಂತ ಮೊದಲು ಕೆಡೋದು. ಸುಳ್ಳಿಗೆ ಅಳತೆ ಇರುತ್ತೆ ಸುಬ್ಬಣ್ಣ. ಹದಿನಾರರ ಹುಡುಗ ಅರ್ಧ ನಂಬೋಷ್ಟು ಇರಬೇಕು. ಹೊಸ ಸೀಸನ್ ಅಂದ್ರೆ ಹಳೇದಕ್ಕಿಂತ ದೊಡ್ಡ ಸುಳ್ಳು ಬೇಕು. ಮೂರನೇ ಸೀಸನ್ನಲ್ಲೇ ಸ್ವಲ್ಪ ಉಪ್ಪು ಜಾಸ್ತಿ ಆಗಿತ್ತು ಅಂತ ನನ್ನ ಅಭಿಪ್ರಾಯ. ಪಾತ್ರಕ್ಕೆ ಇರೋ ಒಂದು ಗುಣಾನ ಎಳೀತಾ ಹೋದ್ರೆ ದಡ್ಡ ಮಂಕಾಗ್ತಾನೆ, ಸುಳ್ಳ ಹುಚ್ಚನಾಗ್ತಾನೆ. ಸೈಮನ್‌ದು ಆ ಹಳದಿ ಫಿಯೆಟ್ ಚಿಂಕ್ವೆಚೆಂತೊ ಇತ್ತಲ್ಲ, ಕಿತ್ತುಹೋದ ಬಾಗಿಲಿಗೆ ಕೆಂಪು ಬಾಗಿಲು ಹಾಕ್ಸಿದ್ದು? ಆಮೇಲೆ ಆ ಕೆಂಪು ಬಾಗಿಲು ಹಾಗೇ ಇತ್ತು, ಯಾರೂ ಅದರ ಮಾತೇ ಎತ್ತಲಿಲ್ಲ. ಒಳ್ಳೇ ತಮಾಷೆ ಅಂದ್ರೆ ಅದು. ಹತ್ತನೇ ಸೀಸನ್ ಆಗಿದ್ರೆ ನಾಲ್ಕು ಬಾಗಿಲಿಗೆ ನಾಲ್ಕು ಬಣ್ಣ ಬಳೀತಿದ್ರು.”

“ಅದಕ್ಕೆ ಎರಡೇ ಬಾಗಿಲು, ಪದ್ಮಕ್ಕ.”

“ಇನ್ನೆರಡು ವೆಲ್ಡ್ ಮಾಡಿಸ್ತಿದ್ರು.”

ನಾಗ ಸೋಲೊಪ್ಪಲಿಲ್ಲ. “ಅಮೆರಿಕದೋರು ಮಾಡಲ್ವಾ? ‘ದಿ ಆಫೀಸ್’ ಇಂಗ್ಲೆಂಡಲ್ಲಿ 12 ಎಪಿಸೋಡು, ಮೇಲೆ ಕ್ರಿಸ್‌ಮಸ್ಸಿಗೆ 2. ಅಮೆರಿಕದಲ್ಲಿ 201!”

“ಅಲ್ಲಿ ಒಂದು ಕೋಣೆ ತುಂಬ ಜನ ಕೂತು ಬರೀತಾರೆ. ಇಲ್ಲಿ ಇಬ್ಬರೇ ತಲೆ ಕೆರ್ಕೊಂಡು ವರ್ಷಕ್ಕೆ ಆರು ಬರೆದ್ರೆ ಹೆಚ್ಚು. ಅಲ್ಲದೆ ಆಫೀಸು ರಿಟೈರ್ ಆಗೋವರೆಗೂ ಓಡುತ್ತೆ ಕಣೋ, ಪಿಯುಸಿ ಓಡಲ್ಲ. ಇದನ್ನೂ 2012ರಲ್ಲಿ ಎಂಟಿವಿ ಅಮೆರಿಕಕ್ಕೆ ಹೊತ್ಕೊಂಡ್ ಹೋಯ್ತು. 12 ಎಪಿಸೋಡಿಗೆ ಟಿಸಿ ಕೊಟ್ಟು ಕಳಿಸಿದ್ರು.”

“ಹುಡುಗರನ್ನ ಬದಲಾಯಿಸ್ಬಹುದಲ್ವಾ?”

“ಬ್ರಿಸ್ಟಲ್‌ನ ‘ಸ್ಕಿನ್ಸ್’ ಸೀರಿಯಲ್‌ನೋರು ಹಾಗೇ ಮಾಡಿದ್ರು, ಎರಡು ವರ್ಷಕ್ಕೊಂದು ಹೊಸ ಬ್ಯಾಚು. ಲೆಕ್ಚರರುಗಳು ಮಾಡೋದೂ ಅದೇ ತಾನೇ. ಆದ್ರೆ ಅದು ಕಾಮಿಡಿಗಿಂತ ಕಣ್ಣೀರು ಜಾಸ್ತಿ. ಇಲ್ಲಿ ಬದಲಾಯಿಸದೆ ಉಳಿಸ್ಕೋಬಹುದಾದೋರು ಗಿಲ್ಬರ್ಟ್ ಮೇಷ್ಟ್ರು ಒಬ್ಬರೇ. ಆ ಪಾತ್ರದ ಗ್ರೆಗ್ ಡೇವಿಸ್ ನಿಜವಾಗ್ಲೂ ವರ್ಷಗಟ್ಟಲೆ ಮೇಷ್ಟ್ರಾಗಿದ್ದವನು. ಅವನ ಮುಖದ ಜಿಗುಪ್ಸೆಯಲ್ಲಿ ಒಂದು ಚೂರೂ ನಟನೆ ಇಲ್ಲ.”

“ಕಥೆ ಬೇಡ ಬಿಡಿ,” ನಾಗನ ದನಿ ಇಳಿಯಿತು. “ನಾಲ್ಕೂ ಜನ ಸುಮ್ನೆ ಒಟ್ಟಿಗೆ ಕೂತ್ರೂ ಸಾಕು.”

“2019ರ ಜನವರಿ 1ಕ್ಕೆ ಚಾನೆಲ್ 4 ಕೂರಿಸ್ತು. ಅಭಿಮಾನಿಗಳೇ ಬೈದ್ರು. ಅವರಿಗೆ ಬೇಕಾಗಿದ್ದದ್ದು ನಾಲ್ಕು ಜನ ನಟರಲ್ಲ, 2008. ಅದನ್ನ ಯಾವ ಚಾನೆಲ್ ಕೊಡುತ್ತೆ?”

ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

“ಕೊನೇ ಎಪಿಸೋಡು ನೆನಪಿದೆಯಾ?” ಪದ್ಮಕ್ಕನೇ ಅಂದರು. “ಸೈಮನ್ ಮನೆಯೋರು ಸ್ವಾನ್ಸಿಗೆ ಹೊರಟಿರ್ತಾರೆ. ಅದಕ್ಕೇ ನಾಲ್ವರೂ ಟೆಂಟ್ ತಗೊಂಡು ಕ್ಯಾಂಪಿಂಗ್ ಹೋಗೋದು. ಹೋಗ್ಬೇಡ ಕಣೋ ಅಂತ ಒಬ್ಬನ ಬಾಯಲ್ಲೂ ಬರಲ್ಲ. ಗೇಲಿ ಮಾಡ್ತಾರೆ, ಬೈತಾರೆ, ಕೊನೆಗೆ ಕಾರನ್ನ ಕೆರೆಗೆ ಬಿಡ್ತಾರೆ. ಆ ವಯಸ್ಸಲ್ಲಿ ಬೀಳ್ಕೊಡುಗೆ ಅಂದ್ರೆ ಅಷ್ಟೇ. ನಲವತ್ತಾದ್ಮೇಲೆ ಅಪ್ಪಿಕೊಂಡು ‘ಮಿಸ್ ಯೂ’ ಅಂತಾರೆ. ಅದರಲ್ಲಿ ನಗು ಎಲ್ಲಿಂದ ಬರ್ಬೇಕು?”

ನಾಗ ತಲೆಯಾಡಿಸಿದ.

ಸುಬ್ಬಣ್ಣನವರು ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದರು. “ಸ್ವಾನ್ಸಿ ಇರೋದು ವೇಲ್ಸಲ್ಲಿ ತಾನೇ? ಅಲ್ಲಿ ಬೋರ್ಡೇ ಬೇರೆ ಇರ್ಬಹುದು ಪದ್ಮಕ್ಕ. ಮೈಗ್ರೇಷನ್ ಸರ್ಟಿಫಿಕೇಟು, ಅಟೆಸ್ಟೇಷನ್ನು, ಮೂರು ಕಾಪಿ... 6 ಎಪಿಸೋಡಿಗೆ ಮೋಸ ಇಲ್ಲ.”