ಸಂಜೆಯ ಪ್ರಶ್ನೋತ್ತರ: ಸಣ್ಣ ಡೆಲಿವರಿ ವ್ಯಾಪಾರ, ವಾಹನ, ವಿಮೆ

ಅಡ್ಮಿನ್: ಹುಬ್ಬಳ್ಳಿ-ಧಾರವಾಡದಲ್ಲಿ ಡೆಲಿವರಿ ಆರಂಭಿಸುವವರಿಗೆ ಇಂದು ಐದರಿಂದ ಆರೂವರೆಯವರೆಗೆ ಮೋಟಾರು ಅಪಘಾತ ಪ್ರಕರಣಗಳ ವಕೀಲರು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭಸಂಜೆಯ ಚಿತ್ರಗಳು ಬೇಡ.

ನವನಗರದವ: ನಮಸ್ಕಾರ ಮೇಡಂ. ಕಿರಾಣಿ ಅಂಗಡಿಗಳಿಂದ ಮನೆಗಳಿಗೆ ಸಾಮಾನು ತಲುಪಿಸುವ ಯೋಚನೆ ಇದೆ. ಜಿಎಸ್‌ಟಿ ಕಡ್ಡಾಯವೇ?

ವಕೀಲರು: ನಮಸ್ಕಾರ. ತಲುಪಿಸುವ ಸೇವೆ ಮಾತ್ರವಾದರೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಉಳಿದದ್ದನ್ನು ಲೆಕ್ಕಪರಿಶೋಧಕರನ್ನು ಕೇಳಿ, ತೆರಿಗೆ ನನ್ನ ಕೆಲಸವಲ್ಲ.

ರೊಟ್ಟಿಮನೆ: ಮೇಡಂ, ನಾನು, ನನ್ನ ನೆಗೆಣ್ಣಿ ಸೇರಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ವಿದ್ಯಾನಗರದ ಪಿಜಿಗಳಿಗೆ ಕೊಡುತ್ತೇವೆ. ದಿನಕ್ಕೆ 300 ರೊಟ್ಟಿ. ಸೋಮವಾರದಿಂದ ಅಕ್ಕನ ಮಗ ನಮ್ಮ ಯಜಮಾನರ ಸ್ಕೂಟರಿನಲ್ಲಿ ತಲುಪಿಸುತ್ತಾನೆ. ಪಿಯುಸಿ ಹುಡುಗ, ಜನವರಿಗೆ 18 ತುಂಬುತ್ತದೆ, ಚೆನ್ನಾಗಿ ಓಡಿಸುತ್ತಾನೆ. ಬುಟ್ಟಿ ಕಟ್ಟಲು ಹಿಂದೆ ಕಬ್ಬಿಣದ ಸ್ಟ್ಯಾಂಡ್ ಹಾಕಿಸಬಹುದೇ?

ಟಿಫಿನ್ ಅಣ್ಣ: ಜಿಎಸ್‌ಟಿ ಬೇಕೇ ಮೇಡಂ?

ವಕೀಲರು: ಮೇಲೆ ಬರೆದಿದ್ದೇನೆ.

ರೊಟ್ಟಿಮನೆಯವರೆ, ಸ್ಟ್ಯಾಂಡಿನ ಮಾತು ಆಮೇಲೆ. ಸೋಮವಾರ ಆ ಹುಡುಗನ ಕೈಗೆ ಕೀಲಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ಅಪರಾಧ ಮಾಡಿದರೆ ತಪ್ಪಿತಸ್ಥರು ಪಾಲಕರು ಅಥವಾ ವಾಹನದ ಮಾಲೀಕರು. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಸ್ಕೂಟರಿನ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಸಾಬೀತು ಮಾಡಬೇಕಾದವರೂ ನೀವೇ. ನೀವು ಇಲ್ಲಿ ಬರೆದೇ ಬಿಟ್ಟಿದ್ದೀರಿ.

ಅದಕ್ಕಿಂತ ನನ್ನನ್ನು ಕಾಡುವುದು ವಿಮೆ. ಪಾಲಿಸಿಯ ಹಾಳೆಗಳನ್ನು ಈಗಲೇ ತೆಗೆಯಿರಿ. ವಾಹನವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸುವಂತಿಲ್ಲ ಎಂದು ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಇರುತ್ತವೆ. ಖಾಸಗಿ ವಾಹನವಾದರೆ ಬಾಡಿಗೆಗೆ ಓಡಿಸುವಂತಿಲ್ಲ. ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವಂತಿಲ್ಲ. 300 ರೊಟ್ಟಿಯ ಬುಟ್ಟಿ ಸ್ಯಾಂಪಲ್ಲೂ ಅಲ್ಲ, ಲಗೇಜೂ ಅಲ್ಲ. ಮೇಲಾಗಿ ಲೈಸೆನ್ಸ್ ಇಲ್ಲದ ಹುಡುಗ. ಯಾರಿಗಾದರೂ ಗುದ್ದಿದರೆ, ಅನೇಕ ಪ್ರಕರಣಗಳಲ್ಲಿ ನ್ಯಾಯಮಂಡಳಿ ವಿಮೆ ಕಂಪನಿಯಿಂದ ಗಾಯಾಳುವಿಗೆ ಹಣ ಕೊಡಿಸಿ, ಅದನ್ನು ಮಾಲೀಕರಿಂದ ವಸೂಲಿ ಮಾಡಲು ಬಿಡುತ್ತದೆ. ಮಾಲೀಕರೆಂದರೆ ನಿಮ್ಮ ಯಜಮಾನರು. ಇಂಥದೇ ಒಂದು ಕಡತ ನನ್ನ ಮೇಜಿನ ಮೇಲಿದೆ. ಹಾಲು ಹಾಕಲು ಹೋದ ಹುಡುಗ. ಮನೆಯ ಉತಾರ ಹಿಡಿದುಕೊಂಡು ಅವನ ತಂದೆ ಮೊನ್ನೆ ಬಂದಿದ್ದರು.

ಹಳೇ ಹುಬ್ಬಳ್ಳಿ: ಹದಿನಾರಕ್ಕೇ ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಕೊಡುತ್ತಾರಲ್ಲ ಮೇಡಂ?

ವಕೀಲರು: 50 ಸಿಸಿ ಮೀರದ ಗಾಡಿಗೆ. ಅವರ ಸ್ಕೂಟರಿನ ಸಿಸಿ ನೋಡಿ ಮಾತನಾಡಿ.

ಏಸ್ ಮಾಲೀಕ: (ಫಾರ್ವರ್ಡ್) ‘3,000 ಕೆ.ಜಿ. ಒಳಗಿನ ಗಾಡಿಗೆ ಪರ್ಮಿಟ್ ಬೇಡ! ಬಿಳಿ ಬೋರ್ಡಿನಲ್ಲೇ ದುಡಿಯಿರಿ! ಪೊಲೀಸರು ಹಿಡಿದರೆ 66ನೇ ಕಲಂ ತೋರಿಸಿ! ಹತ್ತು ಜನರಿಗೆ ಕಳಿಸಿ!’

ವಕೀಲರು: ಇದು ಈ ವಾರ ನನಗೆ ಬಂದ ನಾಲ್ಕನೆಯ ಪ್ರತಿ. ಮೊದಲ ವಾಕ್ಯ ಸರಿ, ಎರಡನೆಯದು ಹಳ್ಳಕ್ಕೆ ದಾರಿ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಆದರೆ ಅದು ಸರಕು ವಾಹನವೆಂದೇ ನೋಂದಣಿಯಾಗಿ ಹಳದಿ ಬೋರ್ಡು, ಓಡಿಸಲು ಯೋಗ್ಯವೆಂಬ ಫಿಟ್ನೆಸ್ ಪ್ರಮಾಣಪತ್ರ, ಅದಕ್ಕೆ ತಕ್ಕ ವಿಮೆ ಇರಬೇಕು. ಇದನ್ನೂ ಹತ್ತು ಜನರಿಗೆ ಕಳಿಸಿ.

ನವನಗರದವ: ಹಾಗಾದರೆ ಆ್ಯಪ್ ಹುಡುಗರೆಲ್ಲ ಬಿಳಿ ಬೋರ್ಡಿನಲ್ಲಿ ತಿರುಗುತ್ತಾರಲ್ಲ? ದೊಡ್ಡ ಕಂಪನಿಗೆ ಒಂದು ಕಾನೂನು, ರೊಟ್ಟಿ ಬಡಿಯುವ ಹೆಂಗಸರಿಗೆ ಇನ್ನೊಂದೇ?

ಏಸ್ ಮಾಲೀಕ: ನಾವು ಫಿಟ್ನೆಸ್ಸಿಗೆ ಒಂದು ದಿನದ ಬಾಡಿಗೆ ಬಿಟ್ಟು ಆರ್‌ಟಿಒ ಕಚೇರಿಯಲ್ಲಿ ಸಾಲು ನಿಲ್ಲುತ್ತೇವೆ. ನೀವು ಬಿಳಿ ಬೋರ್ಡಿನವರು ನಮ್ಮ ಅರ್ಧ ದರಕ್ಕೆ ಸರಕು ಎತ್ತುತ್ತೀರಿ.

ನವನಗರದವ: ಫಾರ್ವರ್ಡ್ ಹಾಕಿದ್ದು ನೀವೇ ಅಲ್ಲವೇ ಸ್ವಾಮಿ?

ಏಸ್ ಮಾಲೀಕ: ಓದಿ ಹಾಕಲಿಲ್ಲ.

ಹಳೇ ಹುಬ್ಬಳ್ಳಿ: ವಕೀಲರಿಗೇನು, ಹೆದರಿಸಿದಷ್ಟೂ ಕೇಸು.

ಅಡ್ಮಿನ್: ಮಾತು ಹಿಡಿತದಲ್ಲಿರಲಿ.

ಕಲಘಟಗಿ ರೋಡ್: ಎರಡನೇ ಕೈ ಓಮ್ನಿ ಕೊಳ್ಳುವಾಗ ಏನೇನು ನೋಡಬೇಕು?

ಧಾರವಾಡ ಪೇಟೆ: ಜಿಎಸ್‌ಟಿ ಬಗ್ಗೆ ಸ್ವಲ್ಪ ತಿಳಿಸಿ.

ವಕೀಲರು: ಮೇಲೆ.

ಹಳೇ ಹುಬ್ಬಳ್ಳಿಯವರೆ, ನಾನು ಇಲ್ಲಿ ಶುಲ್ಕ ಕೇಳಿಲ್ಲ. ಕೇಸು ನನಗೆ ಬರುವುದೇ ನನ್ನ ಮಾತು ಕೇಳದವರಿಂದ.

ರೊಟ್ಟಿಮನೆ: ಓದಿ ಕೈಕಾಲು ತಣ್ಣಗಾಯಿತು ಮೇಡಂ. ಜನವರಿಯ ನಂತರವಾದರೂ ಓಡಿಸಬಹುದೇ?

ವಕೀಲರು: ಲೈಸೆನ್ಸ್ ಮಾಡಿಸಿದ ಮೇಲೆ ಸ್ವಂತ ಓಡಾಟಕ್ಕೆ ಓಡಿಸಲಿ. ವ್ಯಾಪಾರಕ್ಕೆಂದು ಹಳದಿ ಬೋರ್ಡಿಗೆ ಬದಲಿಸಿದರೆ ಆಗಲೂ ಇಲ್ಲ, ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು. ರೊಟ್ಟಿ ಒಯ್ಯುತ್ತೇವೆ ಎಂದು ವಿಮೆ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಏಜೆಂಟರ ಬಾಯಿಮಾತು ನಡೆಯದು. ನಿಮ್ಮ ನೆಗೆಣ್ಣಿಗೆ ಲೈಸೆನ್ಸ್ ಇದೆಯೇ?

ರೊಟ್ಟಿಮನೆ: ಇದೆ. ಆದರೆ ಅವಳು ಹೊರಗೆ ಹೋದರೆ ರೊಟ್ಟಿ ಬಡಿಯುವವರು ಯಾರು?

ವಕೀಲರು: ಹುಡುಗನಿಗೆ ಬಡಿಯಲು ಕಲಿಸಿ.

ಅಡ್ಮಿನ್: ಸಮಯವಾಯಿತು. ಮೇಡಂ ಅವರಿಗೆ ಧನ್ಯವಾದ.

ರೊಟ್ಟಿಮನೆ: ಸ್ಟ್ಯಾಂಡ್ ಹಾಕಿಸಬಹುದೇ ಎಂದು ಹೇಳಲೇ ಇಲ್ಲ ಮೇಡಂ.