ಅಪ್‌ಡೇಟ್: ಹಳೆಯ ಲ್ಯಾಪ್‌ಟಾಪ್‌ಗೆ ಹಗುರವಾದ ತಂತ್ರಾಂಶ

4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪನ್ನೇ ಉಳಿಸಿಕೊಳ್ಳಬೇಕೇ, ಹೊಸದನ್ನು ಕೊಳ್ಳಬೇಕೇ ಎಂದು ಕೇಳಿದ್ದೆ. ಹಾರ್ಡ್ ಡಿಸ್ಕ್ ಬದಲಿಗೆ ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅಳವಡಿಸಿಕೊಳ್ಳುವಂತೆ ಬಹುತೇಕರು ಸೂಚಿಸಿದ್ದಿರಿ. ಹಾಗೆಯೇ ಮಾಡಿದೆ. ಹಾರ್ಡ್ ಡಿಸ್ಕ್‌ನ ಗರಗರ ಸದ್ದು ನಿಂತಿದೆ, ಯಂತ್ರ ಬೇಗನೆ ಎಚ್ಚೆತ್ತುಕೊಳ್ಳುತ್ತದೆ. ಆದರೆ ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದರೆ ಈಗಲೂ ಏದುಸಿರು ಬಿಡುತ್ತದೆ, ಏಕೆಂದರೆ ರ‍್ಯಾಮ್‌ನ ಕೊರತೆಯನ್ನು ಎಸ್‌ಎಸ್‌ಡಿ ನೀಗಿಸಲಾರದು.

ನನಗಿದ್ದ ನಿಜವಾದ ಆತಂಕ ಕನ್ನಡ ಟೈಪಿಂಗ್‌ನದು. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ಜೊತೆಗೆ, ಕೀಲಿಮಣೆ ವಿನ್ಯಾಸಗಳಿರುವ ಅದರ ಎಂ17ಎನ್ ಪ್ಯಾಕೇಜನ್ನೂ ಹಾಕಿಕೊಂಡ ಮೇಲೆ, ನುಡಿ ತಂತ್ರಾಂಶದಲ್ಲಿ ರೂಢಿಯಾಗಿದ್ದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವೇ ಕೆಜಿಪಿ ಎಂಬ ಹೆಸರಿನಲ್ಲಿ ದೊರೆಯಿತು; ಒತ್ತಕ್ಷರಕ್ಕೆಂದು ನಡುವೆ ‘ಎಫ್’ ಒತ್ತುವ ಬೆರಳುಗಳ ಅಭ್ಯಾಸವನ್ನು (ಈ ವಯಸ್ಸಿನಲ್ಲಿ ಅದೇ ದೊಡ್ಡ ಸಮಾಧಾನ) ಬದಲಿಸಬೇಕಾಗಲಿಲ್ಲ. ಯುನಿಕೋಡ್ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಕಡತಗಳನ್ನು ಮಾತ್ರ ಪರಿವರ್ತಕದ ಮೂಲಕ ಬದಲಾಯಿಸಿಕೊಳ್ಳುತ್ತಿದ್ದೇನೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.